ಬೀಳ್ಕೊಡುಗೆಯ ಬಂದರಿನಲ್ಲಿ ಒಂದು ಮಳೆಯ ದಿನ

ಬೆಳಗ್ಗೆ ಏಳು ಗಂಟೆಗೆ ಹಡಗಿನ ಕೋಣೆಯ ಪರದೆ ಸರಿಸಿದರೆ ಹೊರಗೆ ಆಕಾಶ, ಸಮುದ್ರ, ದಡ ಮೂರೂ ಒಂದೇ ಬೂದುಬಣ್ಣ. ಜೋರು ಮಳೆಯೇನಲ್ಲ. ನಮ್ಮ ತೀರ್ಥಹಳ್ಳಿ ಕಡೆ ಸೋನೆ ಎನ್ನುತ್ತೇವಲ್ಲ, ಆ ಜಾತಿಯದು. ಹನಿ ಬೀಳುವುದು ಕಣ್ಣಿಗೆ ಕಾಣದು. ಹತ್ತು ನಿಮಿಷ ನಿಂತರೆ ಅಂಗಿ ಒದ್ದೆ. ಐರ್ಲೆಂಡಿನವರು ಇಂಥ ದಿನವನ್ನು 'ಮೆತ್ತಗಿನ ದಿನ' ಎಂದು ಕರೆಯುತ್ತಾರಂತೆ. ಬೈಯುವುದಿಲ್ಲ, ಕೊಡೆಯನ್ನೂ ಬಿಚ್ಚುವುದಿಲ್ಲ, ಹಾಗೇ ನಡೆಯುತ್ತಾರೆ.

ಇಂಗ್ಲೆಂಡಿನಲ್ಲಿರುವ ಮಗಳ ಒತ್ತಾಯಕ್ಕೆ ಕಟ್ಟುಬಿದ್ದು ನಾನೂ ನನ್ನ ಮನೆಯವಳೂ ಈ ವಿಹಾರದ ಹಡಗು ಹತ್ತಿದ್ದೆವು. ಸೌತಾಂಪ್ಟನ್‌ನಿಂದ ಹೊರಟು ಬ್ರಿಟಿಷ್ ದ್ವೀಪಗಳನ್ನು ಒಂದು ಸುತ್ತು ಹಾಕಿ ಬರುವ ಪ್ರವಾಸ. ದಿನಕ್ಕೊಂದು ಬಂದರು, ಒಂದೊಂದರಲ್ಲಿ ಏಳೆಂಟು ಗಂಟೆ. ಈ ದಿನದ ಬಂದರು ಐರ್ಲೆಂಡಿನ ದಕ್ಷಿಣ ತೀರದ ಕೋವ್. ಹಡಗಿನವರು ಕೊಟ್ಟ ಪಟ್ಟಿಯಲ್ಲಿ ಬ್ಲಾರ್ನಿ ಕೋಟೆಯ ಬಸ್ಸಿಗೇ ಎಲ್ಲರ ನೂಕುನುಗ್ಗಲು. ಅಲ್ಲಿ ಕೋಟೆಯ ತುದಿಯಲ್ಲಿ ಅಂಗಾತ ಮಲಗಿ ಒಂದು ಕಲ್ಲಿಗೆ ಮುತ್ತು ಕೊಟ್ಟರೆ ಮಾತಿನ ಚಾತುರ್ಯ ಬರುತ್ತದೆಂದು ನಂಬಿಕೆ. ಮಗಳು, ಅಳಿಯ, ಮೊಮ್ಮಗ ಮೂವರೂ ಆ ಬಸ್ಸು ಹತ್ತಿದರು. "ರೀ, ಈ ಮಳೆಯಲ್ಲಿ ಮೆಟ್ಟಿಲು ಹತ್ತಿ ಕಲ್ಲು ಮುಟ್ಟೋದು ನನ್ನ ಕೈಲಾಗಲ್ಲ. ನಿಮಗಂತೂ ಮಾತು ಈಗಲೇ ಜಾಸ್ತಿ" ಎಂದಳು ಇವಳು. ನಾವಿಬ್ಬರೂ ಊರಿನಲ್ಲೇ ಉಳಿದೆವು. ಉಳಿದದ್ದು ಒಳ್ಳೆಯದೇ ಆಯಿತು.

ಊರು ಚಿಕ್ಕದು. ಈಗಿನ ಜನಸಂಖ್ಯೆ ಹದಿನಾಲ್ಕು ಸಾವಿರದ ಆಸುಪಾಸು. ಧಕ್ಕೆಗೆ ಬಂದು ನಿಂತ ನಮ್ಮ ಹಡಗು ಊರಿನ ಮನೆಗಳಿಗಿಂತ ಎತ್ತರ. ಅದರ ಮೇಲೆ ನಿಂತರೆ ಮನೆಗಳ ಹೆಂಚು ಮಾಡುಗಳನ್ನು ಕೆಳಗಣ್ಣಿನಿಂದ ನೋಡಬೇಕು. ದಡದಿಂದ ಗುಡ್ಡಕ್ಕೆ ಬೀದಿಗಳು ಸಾಲುಸಾಲಾಗಿ ಏರುತ್ತವೆ. ಒಂದು ಏರುಬೀದಿಯಲ್ಲಿ ಬಣ್ಣಬಣ್ಣದ 23 ಮನೆಗಳು ಒಂದಕ್ಕೊಂದು ಒರಗಿದಂತೆ ನಿಂತಿವೆ. ಅದಕ್ಕೆ 'ಇಸ್ಪೀಟು ಮನೆಗಳು' ಎಂದು ಅಡ್ಡಹೆಸರು. ಕೆಳಗಿನದು ಬಿದ್ದರೆ ಮೇಲಿನವೆಲ್ಲ ಉರುಳುತ್ತವೆ ಎಂದು ಊರವರ ತಮಾಷೆ. ಇವೆಲ್ಲದರ ಮೇಲೆ, ಮಳೆಮೋಡಕ್ಕೆ ತಾಗಿದಂತೆ, ಸಂತ ಕೋಲ್ಮನ್ನನ ಬೂದುಗಲ್ಲಿನ ದೊಡ್ಡ ಇಗರ್ಜಿ.

ಊರಿನ ಹೆಸರಿನದೇ ಒಂದು ಕಥೆ. ಐರಿಷ್ ಭಾಷೆಯ ಸಾಂಪ್ರದಾಯಿಕ ಅಕ್ಷರಮಾಲೆಯಲ್ಲಿ ವಕಾರಕ್ಕೆ ಪ್ರತ್ಯೇಕ ಅಕ್ಷರವಿಲ್ಲ. ಬಿ ಮತ್ತು ಎಚ್ ಅಕ್ಷರಗಳನ್ನು ಜೋಡಿಸಿ ಆ ಧ್ವನಿ ತರುತ್ತಾರೆ. ಹಾಗಾಗಿ ಫಲಕದಲ್ಲಿ ಓದಿದರೆ 'ಕೋಭ್', ಬಾಯಲ್ಲಿ ಹೇಳಿದರೆ 'ಕೋವ್'. ತಮಾಷೆಯೆಂದರೆ ಈ ಹೆಸರಿಗೆ ಐರಿಷ್‌ನಲ್ಲಿ ಅರ್ಥವೇ ಇಲ್ಲ. ಸಣ್ಣ ಕೊಲ್ಲಿ ಎಂಬ ಅರ್ಥದ ಇಂಗ್ಲಿಷ್ ಪದವನ್ನೇ ಐರಿಷ್ ಕಾಗುಣಿತದಲ್ಲಿ ಬರೆದದ್ದು. 1849ರ ಆಗಸ್ಟಿನಲ್ಲಿ ವಿಕ್ಟೋರಿಯಾ ರಾಣಿ ಐರ್ಲೆಂಡಿನ ನೆಲದ ಮೇಲೆ ಮೊದಲು ಕಾಲಿಟ್ಟದ್ದು ಇಲ್ಲಿ. ಅದರ ನೆನಪಿಗೆ ಊರು 'ಕ್ವೀನ್ಸ್‌ಟೌನ್' ಆಯಿತು. 1920ರಲ್ಲಿ, ಬ್ರಿಟಿಷರ ವಿರುದ್ಧ ಸ್ವಾತಂತ್ರ್ಯದ ಹೋರಾಟ ನಡೆಯುತ್ತಿದ್ದಾಗಲೇ, ಊರವರು ರಾಣಿಯ ಹೆಸರು ಕಿತ್ತುಹಾಕಿ ಹಳೆಯ ಹೆಸರನ್ನು ಹೊಸ ಕಾಗುಣಿತದಲ್ಲಿ ವಾಪಸು ತಂದರು. ಎಪ್ಪತ್ತು ವರ್ಷ ಇದ್ದ ಆ ಕ್ವೀನ್ಸ್‌ಟೌನ್ ಎಂಬ ಹೆಸರೇ ಅಮೆರಿಕದ ಲಕ್ಷಾಂತರ ಮನೆಗಳ ಹಳೆಯ ಕಾಗದಪತ್ರಗಳಲ್ಲಿ ಉಳಿದಿರುವುದು. ಏಕೆಂದರೆ ಅವರ ಅಜ್ಜ ಅಜ್ಜಿಯರು ಹಡಗು ಹತ್ತಿದ್ದು ಈ ಧಕ್ಕೆಯಲ್ಲಿ.

ರಾಣಿ ಬಂದ ವರ್ಷವನ್ನು ಓದುಗರು ಗಮನಿಸಬೇಕು. 1849 ಎಂದರೆ ಐರ್ಲೆಂಡಿನ ಮಹಾಕ್ಷಾಮ ಇನ್ನೂ ಮುಗಿಯದ ಕಾಲ.

ಕೊಳೆರೋಗದ ನೆಂಟ

ಆ ಕ್ಷಾಮದ ಕಥೆ ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಬೇರೆಯವರಿಗಿಂತ ಬೇಗ ಅರ್ಥವಾದೀತು. ಮಳೆಗಾಲದಲ್ಲಿ ಒಂದು ವಾರ ಬಿಸಿಲು ಕಾಣದೆ ಜಿಟಿಜಿಟಿ ಹಿಡಿದರೆ ನಮ್ಮ ತೋಟದಲ್ಲಿ ಏನಾಗುತ್ತದೆ? ಎಳೆಯ ಅಡಿಕೆಕಾಯಿಯ ಮೇಲೆ ನೀರು ತುಂಬಿದಂಥ ಕಲೆ, ಆಮೇಲೆ ಬಿಳಿಯ ಬೂಷ್ಟು, ಆಮೇಲೆ ಮರದ ಬುಡದಲ್ಲಿ ಉದುರಿದ ಕಾಯಿಗಳ ರಾಶಿ. ಅದೇ ಕೊಳೆರೋಗ. ಅದನ್ನು ತರುವ ಸೂಕ್ಷ್ಮಜೀವಿಯ ಕುಲದ ಹೆಸರು ಫೈಟಾಫ್ತೊರಾ. ಆ ಗ್ರೀಕ್ ಪದದ ಅರ್ಥ 'ಗಿಡನಾಶಕ'. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಗೆ ಬಿದ್ದದ್ದು ಇದೇ ಕುಲದ ಇನ್ನೊಂದು ಜಾತಿ. ಅಮೆರಿಕ ಖಂಡದಿಂದ ಹಡಗಿನಲ್ಲಿ ಬಂದ ಆ ರೋಗಕ್ಕೂ ಬೇಕಾದದ್ದು ಇದೇ: ತಂಪು, ತೇವ, ಬಿಡದ ಸೋನೆ. ಹಸಿರಾಗಿದ್ದ ಹೊಲ ಕೆಲವೇ ದಿನಗಳಲ್ಲಿ ಕಪ್ಪಾಗಿ ನಾರುತ್ತಿತ್ತು. ಅಗೆದರೆ ನೆಲದೊಳಗಿನ ಗಡ್ಡೆಯೂ ಕೊಳೆತ ಮುದ್ದೆ.

ನಮಗೂ ಅವರಿಗೂ ಇದ್ದ ವ್ಯತ್ಯಾಸ ಎರಡು. ಮೊದಲನೆಯದು, ಅಡಿಕೆ ಹೋದರೆ ನಮ್ಮ ಹಣ ಹೋಗುತ್ತದೆ, ಗದ್ದೆಯ ಭತ್ತ ಉಳಿಯುತ್ತದೆ. ಅಲ್ಲಿನ ಬಡವರಿಗೆ ಆಲೂಗಡ್ಡೆಯೇ ಅನ್ನ, ಆಲೂಗಡ್ಡೆಯೇ ಸಾರು. ಗೇಣಿಯ ತುಂಡುಭೂಮಿಯಲ್ಲಿ ಒಂದು ಸಂಸಾರದ ಹೊಟ್ಟೆ ತುಂಬಿಸಬಲ್ಲ ಬೆಳೆ ಅದೊಂದೇ ಆಗಿತ್ತು. ದುಡಿಯುವ ಗಂಡಾಳು ದಿನಕ್ಕೆ ಐದಾರು ಕಿಲೋ ಆಲೂಗಡ್ಡೆ ತಿನ್ನುತ್ತಿದ್ದನೆಂದು ಲೆಕ್ಕಗಳಿವೆ. ಅದೂ ಬಹುಪಾಲು 'ಲಂಪರ್' ಎಂಬ ಒಂದೇ ತಳಿ. ಎರಡನೆಯದು, ಮೈಲುತುತ್ತ ಮತ್ತು ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಆಗಿನ್ನೂ ಹುಟ್ಟಿರಲಿಲ್ಲ. ಅದನ್ನು ಫ್ರಾನ್ಸಿನಲ್ಲಿ ಕಂಡುಹಿಡಿದದ್ದು 1880ರ ದಶಕದಲ್ಲಿ. ಆಮೇಲೆ ಅದೇ ದ್ರಾವಣ ಐರ್ಲೆಂಡಿನ ಆಲೂಗಡ್ಡೆಗೂ ಬಂತು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರ ಕೆಲಸದಿಂದ ನಮ್ಮ ಅಡಿಕೆ ಕೊನೆಗಳಿಗೂ ಬಂತು. ಇಲ್ಲಿನ ಇಗರ್ಜಿಯ ಸಂತನ ಹೆಸರೂ ಕೋಲ್ಮನ್ ಎಂದು ನೋಡಿ ನನಗೆ ಸುಮ್ಮನೆ ನಗು ಬಂತು. ಸಂಬಂಧವೇನೂ ಇಲ್ಲ.

ರೋಗ ಪ್ರಕೃತಿಯದು. ಕ್ಷಾಮ ಮನುಷ್ಯರದು. ಆಲೂಗಡ್ಡೆ ಕೊಳೆತ ವರ್ಷಗಳಲ್ಲೂ ಐರ್ಲೆಂಡಿನಿಂದ ಧಾನ್ಯ, ಬೆಣ್ಣೆ, ದನಕರು ಇಂಗ್ಲೆಂಡಿಗೆ ಹೋಗುತ್ತಲೇ ಇದ್ದವು. ಇದೇ ಕಾರ್ಕ್ ಬಂದರಿನಿಂದಲೂ ಹೋಗುತ್ತಿದ್ದವು. ಗೇಣಿ ಕಟ್ಟಲಾಗದವರನ್ನು ಒಕ್ಕಲೆಬ್ಬಿಸಿ ಮನೆಯ ಮಾಡು ಕಿತ್ತುಹಾಕುತ್ತಿದ್ದರು. ಪರಿಹಾರದ ಹಣದ ಕೀಲಿಕೈ ಹಿಡಿದು ಲಂಡನ್ನಿನ ಖಜಾನೆಯಲ್ಲಿ ಕುಳಿತಿದ್ದವನು ಚಾರ್ಲ್ಸ್ ಟ್ರೆವೆಲ್ಯನ್. ಸರ್ಕಾರ ಪುಕ್ಕಟೆ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ, ವ್ಯಾಪಾರದಲ್ಲಿ ಕೈಹಾಕಬಾರದು ಎಂಬುದು ಅವನ ಗಟ್ಟಿ ನಂಬಿಕೆ. ಈ ಮನುಷ್ಯ ನಮಗೆ ಅಪರಿಚಿತನಲ್ಲ. ಆತ ನೌಕರಿ ಶುರುಮಾಡಿದ್ದು ಈಸ್ಟ್ ಇಂಡಿಯಾ ಕಂಪನಿಯಲ್ಲಿ. ಮೆಕಾಲೆಯ ತಂಗಿಯ ಗಂಡ. 1859ರಲ್ಲಿ ಮದ್ರಾಸಿನ ಗವರ್ನರ್ ಆಗಿ ಬಂದ. ಅವನು ನಂಬಿದ್ದ ಅದೇ ಅರ್ಥಶಾಸ್ತ್ರ 1876ರಿಂದ 78ರವರೆಗಿನ ಬರದಲ್ಲಿ ಮದ್ರಾಸು, ಮೈಸೂರು ಸೀಮೆಗಳ ಗಂಜಿಕೇಂದ್ರಗಳಲ್ಲಿ ಇನ್ನೊಮ್ಮೆ ಜನರ ಹೊಟ್ಟೆಯನ್ನು ಅಳೆದದ್ದನ್ನು ನಮ್ಮ ಚರಿತ್ರೆ ಓದಿದವರು ಬಲ್ಲರು.

ಇನ್ನೊಂದು ಕಡೆಯ ಲೆಕ್ಕವನ್ನೂ ಹೇಳಬೇಕು. ಈ ಕ್ಷಾಮಕ್ಕೆ ಹೊರದೇಶದಿಂದ ಬಂದ ಮೊದಲ ದೊಡ್ಡ ದೇಣಿಗೆ ಕಲ್ಕತ್ತೆಯದು. ಅಲ್ಲಿದ್ದ ಐರಿಷ್ ಸಿಪಾಯಿಗಳೂ ಅಧಿಕಾರಿಗಳೂ ಮೊದಲುಮಾಡಿದ ನಿಧಿಗೆ ಭಾರತೀಯರೂ ಕೊಟ್ಟರು. ಒಟ್ಟು 14 ಸಾವಿರ ಪೌಂಡು ಕೂಡಿತು. 1847ರಲ್ಲಿ ಅಮೆರಿಕದ ಮೂಲನಿವಾಸಿಗಳಾದ ಚಾಕ್ಟಾ ಜನ, ತಾವೇ ನೆಲ ಕಳೆದುಕೊಂಡು ನೂರಾರು ಮೈಲಿ ಅಟ್ಟಿಸಿಕೊಂಡು ಬಂದವರು, ತಮ್ಮಲ್ಲಿದ್ದ ಚಿಲ್ಲರೆ ಕೂಡಿಸಿ ಕಳಿಸಿದರು. ಕೋವ್‌ಗೆ ಹತ್ತಿರದ ಮಿಡಲ್ಟನ್ ಊರಿನಲ್ಲಿ ಅವರ ನೆನಪಿಗೆ ಉಕ್ಕಿನ ಒಂಬತ್ತು ಗರಿಗಳ ಸ್ಮಾರಕವಿದೆ. ನಮ್ಮ ಬಸ್ಸಿನ ಪಟ್ಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಹತ್ತು ಲಕ್ಷ ಜನ ಸತ್ತರು. ಅಷ್ಟೇ ಜನ, ಅಥವಾ ಇನ್ನೂ ಹೆಚ್ಚು, ದೇಶ ಬಿಟ್ಟರು. 1841ರಲ್ಲಿ ಇಡೀ ಐರ್ಲೆಂಡ್ ದ್ವೀಪದ ಜನಸಂಖ್ಯೆ 80 ಲಕ್ಷ ದಾಟಿತ್ತು. ಅಷ್ಟು ಜನ ಆ ದ್ವೀಪದಲ್ಲಿ ಇಂದಿಗೂ ಇಲ್ಲ.

ಜೀವಂತ ಇದ್ದವರ ಶ್ರಾದ್ಧ

ಹಡಗಿನಿಂದಿಳಿದು ನಾಲ್ಕು ಹೆಜ್ಜೆ ಇಟ್ಟರೆ ರೈಲ್ವೆ ನಿಲ್ದಾಣ. ವಿಕ್ಟೋರಿಯಾ ಕಾಲದ ಹಳೆಯ ನಿಲ್ದಾಣದ ಕಟ್ಟಡವೇ ಈಗ ವಲಸೆಯ ವಸ್ತುಸಂಗ್ರಹಾಲಯ. ಒಳಗೆ ಹೋದದ್ದು ಮಳೆಯಿಂದ ತಪ್ಪಿಸಿಕೊಳ್ಳಲು; ಹೊರಬಂದದ್ದು ಎರಡು ಗಂಟೆಯ ಮೇಲೆ. 1848ರಿಂದ 1950ರವರೆಗೆ ಐರ್ಲೆಂಡ್ ಬಿಟ್ಟವರು 60 ಲಕ್ಷ. ಅವರಲ್ಲಿ ಸುಮಾರು 25 ಲಕ್ಷ ಜನ ಹೋದದ್ದು ಈ ಒಂದು ಬಂದರಿನಿಂದ. ಅದಕ್ಕೂ ಹಿಂದೆ ಇಲ್ಲಿಂದ ಹೋಗುತ್ತಿದ್ದವರು ಆಸ್ಟ್ರೇಲಿಯಕ್ಕೆ ಗಡೀಪಾರಾದ ಕೈದಿಗಳು. ಎದುರಿಗೆ ಕಾಣುವ ಸ್ಪೈಕ್ ದ್ವೀಪದ ಕೋಟೆಯಲ್ಲಿ 1850ರ ದಶಕದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕೈದಿಗಳಿದ್ದರು.

ಕ್ಷಾಮ ಮುಗಿದ ಮೇಲೂ ನೂರು ವರ್ಷ ಜನ ಯಾಕೆ ಹೋಗುತ್ತಲೇ ಇದ್ದರು ಎಂಬುದು ಸರಿಯಾದ ಪ್ರಶ್ನೆ. ಉತ್ತರ ಭೂಮಿಯಲ್ಲಿದೆ. ಕ್ಷಾಮಕ್ಕೆ ಮುಂಚೆ ಬಡ ರೈತ ತನ್ನ ತುಂಡುನೆಲವನ್ನು ಮಕ್ಕಳಿಗೆ ಪಾಲುಮಾಡಿ ಹಂಚುತ್ತಿದ್ದ. ಪಾಲಾಗಿ ಪಾಲಾಗಿ ಕೊನೆಗೆ ಉಳಿದದ್ದು ಆಲೂಗಡ್ಡೆಯ ಒಂದು ಮಡಿ. ಆ ಪಾಠ ಕಲಿತ ಮೇಲೆ ಪಾಲು ನಿಂತುಹೋಯಿತು. ಇಡೀ ಹಿಡುವಳಿ ಒಬ್ಬ ಮಗನಿಗೆ, ವರದಕ್ಷಿಣೆ ಕೊಡಲು ಸಾಧ್ಯವಾದರೆ ಒಬ್ಬ ಮಗಳಿಗೆ ಮದುವೆ, ಉಳಿದವರಿಗೆ ಹಡಗು. ಮೊದಲು ಹೋದವಳು ನ್ಯೂಯಾರ್ಕಿನಲ್ಲೋ ಬಾಸ್ಟನ್ನಿನಲ್ಲೋ ಮನೆಗೆಲಸ ಮಾಡಿ ಮುಂದಿನವನ ಟಿಕೆಟ್ಟಿಗೆ ಹಣ ಕಟ್ಟಿ ಕಳಿಸುವಳು. ಅವನು ಅದರ ಮುಂದಿನವನಿಗೆ. 'ಅಮೆರಿಕದ ಕಾಗದ' ಬಂತೆಂದರೆ ಅದರಲ್ಲಿ ಹಣ ಇದ್ದೇ ಇರುತ್ತದೆಂದು ಊರಿಗೆಲ್ಲ ಗೊತ್ತು. ಯುರೋಪಿನ ಬೇರೆ ದೇಶಗಳಿಂದ ಹೋದವರಲ್ಲಿ ಗಂಡಸರೇ ಹೆಚ್ಚು. ಐರ್ಲೆಂಡಿನಿಂದ ಮಾತ್ರ ಹೆಚ್ಚುಕಡಿಮೆ ಅರ್ಧದಷ್ಟು ಹೆಣ್ಣುಮಕ್ಕಳು, ಅದರಲ್ಲೂ ಮದುವೆಯಾಗದವರು, ಒಬ್ಬಂಟಿಯಾಗಿ.

ಹೊರಡುವ ಹಿಂದಿನ ರಾತ್ರಿ ಮನೆಯಲ್ಲಿ ಒಂದು ಆಚರಣೆ ನಡೆಯುತ್ತಿತ್ತು. ಅದಕ್ಕೆ 'ಅಮೆರಿಕನ್ ವೇಕ್' ಎಂದು ಹೆಸರು. ವೇಕ್ ಎಂದರೆ ಅಲ್ಲಿ ಸತ್ತವರ ಹೆಣವನ್ನು ನಡುಮನೆಯಲ್ಲಿಟ್ಟು ರಾತ್ರಿಯಿಡೀ ನೆಂಟರಿಷ್ಟರು ಎಚ್ಚರವಾಗಿ ಕುಳಿತಿರುವುದು. ಇಲ್ಲಿ ಹೆಣವಿಲ್ಲ, ಹೊಸ ಬಟ್ಟೆ ತೊಟ್ಟ ಇಪ್ಪತ್ತರ ಹುಡುಗಿ ನಡುವೆ ಕುಳಿತಿದ್ದಾಳೆ. ಪಿಟೀಲು, ಕುಣಿತ, ಕುಡಿತ ಎಲ್ಲ ಉಂಟು. ಬೆಳಗಿನ ಜಾವ ತಾಯಿ ಶವದ ಮುಂದೆ ಅಳುವ ಧಾಟಿಯಲ್ಲೇ ಅಳುವಳು. ಇದನ್ನು ಅತಿರೇಕ ಎನ್ನಲು ನನಗೆ ಬಾಯಿ ಬರಲಿಲ್ಲ. ಹೋದವರಲ್ಲಿ ಬಹುಪಾಲು ಜನ ತಿರುಗಿ ಬರಲಿಲ್ಲ. ಆ ಹುಡುಗಿಯ ಮುಖವನ್ನು ಆ ತಾಯಿ ಮತ್ತೆ ನೋಡುವುದಿಲ್ಲವೆಂಬುದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿದ್ದ ಸಂಗತಿ.

ಹೀಗೆ ಬಂದವರನ್ನು ಸುಲಿಯುವವರೂ ಬಂದರಿನಲ್ಲಿ ಧಾರಾಳವಾಗಿದ್ದರು. ಹಡಗು ತಡವಾದಷ್ಟು ದಿನ ವಸತಿಗೃಹದ ಬಾಡಿಗೆ. ಒಂದೇ ಹಾಸಿಗೆಯಲ್ಲಿ ಮೂರು ನಾಲ್ಕು ಜನ. ಇದನ್ನು ಕಂಡು ಕೆರಳಿದವಳು ಷಾರ್ಲಟ್ ಗ್ರೇಸ್ ಓಬ್ರಿಯನ್ ಎಂಬ ಲೇಖಕಿ. ಕಿವಿ ಕೇಳಿಸದ ಈಕೆ 1881ರಲ್ಲಿ ವಲಸೆ ಹಡಗುಗಳ ದುಃಸ್ಥಿತಿಯ ಬಗ್ಗೆ ಲಂಡನ್ ಪತ್ರಿಕೆಯಲ್ಲಿ ಬರೆದು ಸರ್ಕಾರದ ಕಣ್ಣು ತೆರೆಸಿದಳು. ಮರುವರ್ಷ ಇದೇ ಊರಿನಲ್ಲಿ ವಲಸೆಯ ಹೆಣ್ಣುಮಕ್ಕಳಿಗಾಗಿ ಸ್ವತಃ ವಸತಿಗೃಹ ತೆರೆದಳು. ಅವಳಿಗೆ ಸಾಮಾನು ಕೊಡಬಾರದೆಂದು ಊರ ವ್ಯಾಪಾರಿಗಳು ಬಹಿಷ್ಕಾರ ಹಾಕಿದರಂತೆ.

ಧಕ್ಕೆಯ ಪಕ್ಕದಲ್ಲೇ ಆನಿ ಮೂರ್ ಎಂಬ ಹುಡುಗಿಯ ಕಂಚಿನ ಪ್ರತಿಮೆಯಿದೆ. ಜೊತೆಗೆ ಇಬ್ಬರು ತಮ್ಮಂದಿರು. ಒಬ್ಬ ತಮ್ಮ ಸಮುದ್ರದತ್ತ ಬೆರಳು ತೋರುತ್ತಿದ್ದಾನೆ. ಆನಿ ಹಿಂತಿರುಗಿ ನೋಡುತ್ತಿದ್ದಾಳೆ. ನಾವು ನೋಡಿದಾಗ ಅವಳ ಟೋಪಿಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. 1891ರ ಡಿಸೆಂಬರ್ 20ರಂದು ಇಲ್ಲಿಂದ 'ನೆವಾಡಾ' ಹಡಗು ಹತ್ತಿದ ಈಕೆ, 1892ರ ಜನವರಿ 1ರಂದು ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ಹೊಸ ವಲಸೆ ಕೇಂದ್ರ ಬಾಗಿಲು ತೆರೆದಾಗ ಒಳಗೆ ಕಾಲಿಟ್ಟ ಮೊದಲನೆಯವಳು. ಅಧಿಕಾರಿಗಳು ಹತ್ತು ಡಾಲರಿನ ಚಿನ್ನದ ನಾಣ್ಯ ಕೊಟ್ಟರು. ಪತ್ರಿಕೆಗಳು ಅವಳಿಗೆ ಹದಿನೈದು ವಯಸ್ಸೆಂದು ಬರೆದವು, ನಿಜವಾಗಿ ಹದಿನೇಳು. 1993ರಲ್ಲಿ ಈ ಪ್ರತಿಮೆಯನ್ನು ಅನಾವರಣ ಮಾಡಿದವರು ಆಗಿನ ರಾಷ್ಟ್ರಾಧ್ಯಕ್ಷೆ ಮೇರಿ ರಾಬಿನ್ಸನ್.

ಈ ಪ್ರತಿಮೆಯ ಹಿಂದೆ ಒಂದು ದೊಡ್ಡ ತಪ್ಪಿನ ಕಥೆ ಇದೆ. ಆನಿ ಅಮೆರಿಕದ ಪಶ್ಚಿಮಕ್ಕೆ ಹೋದಳು, ಟೆಕ್ಸಸ್ಸಿನಲ್ಲಿ ನೆಲೆಸಿದಳು, 1923ರಲ್ಲಿ ಟ್ರಾಮಿಗೆ ಸಿಕ್ಕಿ ಸತ್ತಳು ಎಂದೇ ಎಲ್ಲರೂ ಬಹುಕಾಲ ನಂಬಿದ್ದರು. ಪುಸ್ತಕಗಳಲ್ಲೂ ಬಂತು. ಟೆಕ್ಸಸ್ಸಿನವಳ ವಂಶಸ್ಥರಿಗೆ ಸನ್ಮಾನಗಳೂ ನಡೆದವು. 2006ರಲ್ಲಿ ಮೇಗನ್ ಸ್ಮೋಲೆನ್ಯಾಕ್ ಎಂಬ ವಂಶಾವಳಿ ಸಂಶೋಧಕಿ ದಾಖಲೆ ಕೆದಕಿದರೆ, ಆ ಟೆಕ್ಸಸ್ ಆನಿ ಹುಟ್ಟಿದ್ದೇ ಅಮೆರಿಕದ ಇಲಿನಾಯ್‌ನಲ್ಲಿ! ನಿಜವಾದ ಆನಿ ನ್ಯೂಯಾರ್ಕಿನ ಬಡವರ ಕೇರಿಯನ್ನು ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಬೇಕರಿಯ ನೌಕರನೊಬ್ಬನನ್ನು ಮದುವೆಯಾಗಿ ಹತ್ತು ಹನ್ನೊಂದು ಮಕ್ಕಳನ್ನು ಹೆತ್ತಳು. ಅವರಲ್ಲಿ ಅರ್ಧಕ್ಕರ್ಧ ಬದುಕಲಿಲ್ಲ. 1924ರಲ್ಲಿ ಸತ್ತಾಗ ಗೋರಿಗೆ ಒಂದು ಕಲ್ಲೂ ಇಲ್ಲ. ಕಲ್ಲು ಬಂದದ್ದು 2008ರಲ್ಲಿ. ವಿಶಾಲ ಪಶ್ಚಿಮಕ್ಕೆ ಹೋಗಿ ಗೆದ್ದವಳ ಕಥೆ ಎಲ್ಲರಿಗೂ ಬೇಕಾಗಿತ್ತು, ಅದಕ್ಕೇ ಯಾರೂ ಪರೀಕ್ಷಿಸಲಿಲ್ಲ ಎಂದು ನನಗನ್ನಿಸುತ್ತದೆ. ಕಾಲಿಟ್ಟ ದ್ವೀಪದಿಂದ ಕೂಗಳತೆಯ ಕೇರಿಯಲ್ಲೇ ಹೆತ್ತು, ಹೂತು, ಸವೆದುಹೋದವಳು ಪ್ರತಿಮೆಗೆ ಒಗ್ಗುವುದಿಲ್ಲ.

ಟಪಾಲಿಗಾಗಿ ನಿಂತ ಹಡಗು

ಈ ಊರಿಗೆ ಬರುವ ಬಹುಪಾಲು ಪ್ರವಾಸಿಗಳು ಕೇಳುವುದು ಆನಿ ಮೂರಳನ್ನಲ್ಲ, ಟೈಟಾನಿಕ್‌ಅನ್ನು. 1912ರ ಏಪ್ರಿಲ್ 10ರಂದು ಸೌತಾಂಪ್ಟನ್ ಬಿಟ್ಟ ಆ ಹಡಗು ಫ್ರಾನ್ಸಿನ ಶೆರ್ಬೂರ್ ಮುಟ್ಟಿ, 11ರ ಮಧ್ಯಾಹ್ನಕ್ಕೆ ಮುಂಚೆ ಇಲ್ಲಿಗೆ ಬಂತು. ಅದು ನಿಂತ ಕೊನೆಯ ಬಂದರು ಇದು. ಅಟ್ಲಾಂಟಿಕ್ ದಾಟುವ ಅಷ್ಟು ದೊಡ್ಡ ಹಡಗಿಗೆ ಈ ಸಣ್ಣ ಊರಲ್ಲೇನು ಕೆಲಸ? ವಲಸಿಗರ ಜೊತೆಗೆ ಟಪಾಲು. ಲಂಡನ್ನಿನ ಕಾಗದಗಳು ಹಡಗು ಹೊರಟ ಮೇಲೂ ರೈಲು, ದೋಣಿ, ಮತ್ತೆ ರೈಲು ಎಂದು ಬದಲಾಯಿಸುತ್ತ ಅದಕ್ಕಿಂತ ಮುಂಚೆ ಇಲ್ಲಿಗೆ ತಲುಪಿಬಿಡುತ್ತಿದ್ದವು. ಅಮೆರಿಕದ ಅಂಚೆಗೆ ಒಂದು ದಿನ ಉಳಿಯಿತು! ಟೈಟಾನಿಕ್ಕಿನ ಹೆಸರಿನ ಹಿಂದಿರುವ ಆರ್.ಎಂ.ಎಸ್. ಎಂಬ ಅಕ್ಷರಗಳಿಗೆ ರಾಜರ ಟಪಾಲು ಹಡಗು ಎಂದೇ ಅರ್ಥ.

ಹಡಗು ಧಕ್ಕೆಗೆ ಬರಲಾರದಷ್ಟು ದೊಡ್ಡದಾದ್ದರಿಂದ ರೋಚಸ್ ಪಾಯಿಂಟ್ ದೀಪಸ್ತಂಭದ ಹತ್ತಿರ ಲಂಗರು ಹಾಕಿತು. 'ಐರ್ಲೆಂಡ್', 'ಅಮೆರಿಕ' ಎಂಬ ಹೆಸರಿನ ಎರಡು ಸಣ್ಣ ಉಗಿದೋಣಿಗಳು ಜನರನ್ನೂ ಚೀಲಗಳನ್ನೂ ಅಲ್ಲಿಗೆ ಸಾಗಿಸಿದವು. ಹತ್ತಿದವರು 123 ಮಂದಿ. ಮೊದಲ ದರ್ಜೆಗೆ ಮೂವರು, ಎರಡನೆಯದಕ್ಕೆ ಏಳು, ಮೂರನೆಯದಕ್ಕೆ 113. ಮೂರನೆಯ ದರ್ಜೆಯ ಟಿಕೆಟ್ಟು ಏಳು ಪೌಂಡು ಹದಿನೈದು ಷಿಲಿಂಗು. ಎಷ್ಟೋ ಮನೆಗಳಲ್ಲಿ ಅದು ಅಮೆರಿಕದ ಅಕ್ಕನೋ ಅಣ್ಣನೋ ಕಳಿಸಿದ ಹಣ. ಆ 123ರಲ್ಲಿ ಬದುಕಿದವರು 44. ಮೇಯೋ ಜಿಲ್ಲೆಯ ಆಡರ್‌ಗೂಲ್ ಎಂಬ ಒಂದೇ ಪ್ಯಾರಿಷ್‌ನಿಂದ ಹದಿನಾಲ್ಕು ಜನ ಹತ್ತಿದ್ದರು; ಹನ್ನೊಂದು ಜನ ಮುಳುಗಿದರು.

ಇಳಿದವರೂ ಉಂಟು. ಏಳು ಪ್ರಯಾಣಿಕರ ಟಿಕೆಟ್ಟು ಇಲ್ಲಿಯವರೆಗೆ ಮಾತ್ರ ಇತ್ತು. ಅವರಲ್ಲೊಬ್ಬ ಪಾದ್ರಿಯಾಗಲು ಓದುತ್ತಿದ್ದ ಫ್ರಾನ್ಸಿಸ್ ಬ್ರೌನ್. ಟಿಕೆಟ್ಟು ಕೊಡಿಸಿದ್ದ ಅವನ ಚಿಕ್ಕಪ್ಪ ಈ ಇಗರ್ಜಿಯ ಬಿಷಪ್. ಹಡಗಿನಲ್ಲಿ ಪರಿಚಯವಾದ ಶ್ರೀಮಂತ ಅಮೆರಿಕನ್ ದಂಪತಿ ನ್ಯೂಯಾರ್ಕ್‌ವರೆಗೆ ನಾವು ಖರ್ಚು ಕೊಡುತ್ತೇವೆ ಎಂದರು. ಹುಡುಗ ಆಸೆಯಿಂದ ಗುರುಗಳಿಗೆ ತಂತಿ ಕಳಿಸಿದ. ಕೂಡಲೇ ಇಳಿದು ಬಾ ಎಂದು ಖಡಾಖಂಡಿತವಾದ ಉತ್ತರ ಬಂತು. ಇಳಿದ. ಅವನ ಕ್ಯಾಮೆರಾದಲ್ಲಿದ್ದ ಚಿತ್ರಗಳೇ ಇವತ್ತು ಟೈಟಾನಿಕ್ಕಿನ ಒಳಗಿನ ಬದುಕಿಗೆ ಇರುವ ಅಪರೂಪದ ಸಾಕ್ಷಿ. ಇನ್ನೊಬ್ಬ ಇಳಿದದ್ದು ಕದ್ದು. ಬಾಯ್ಲರಿಗೆ ಕಲ್ಲಿದ್ದಲು ಹಾಕುವ, ಇದೇ ಊರಿನ ಜಾನ್ ಕಾಫಿ ಎಂಬಾತ ಟಪಾಲು ಚೀಲಗಳ ನಡುವೆ ಅಡಗಿ ದಡ ಸೇರಿಬಿಟ್ಟ.

ವೈಟ್ ಸ್ಟಾರ್ ಕಂಪನಿಯ ಟಿಕೆಟ್ಟು ಕಚೇರಿ 2012ರಿಂದ ಪ್ರವಾಸಿಗಳಿಗೆ ತೆರೆದಿದೆ. ಒಳಗೆ ಹೋಗುವಾಗ ನಿಜವಾದ ಪ್ರಯಾಣಿಕರೊಬ್ಬರ ಹೆಸರಿರುವ ಚೀಟಿಯನ್ನು ಕೈಗೆ ಕೊಡುತ್ತಾರೆ. ಎಲ್ಲ ನೋಡಿ ಮುಗಿದ ಮೇಲೆ ಕೊನೆಯ ಕೋಣೆಯಲ್ಲಿ ಆ ಹೆಸರಿನವರು ಬದುಕಿದರೋ ಇಲ್ಲವೋ ಎಂದು ನೋಡಿಕೊಳ್ಳಬೇಕು. ನನ್ನ ಕೈಗೆ ಬಂದವಳು ಬದುಕಿದ್ದಳು. ಪಕ್ಕದಲ್ಲಿದ್ದ ಹುಡುಗರ ಗುಂಪೊಂದು ಪರೀಕ್ಷೆಯ ಫಲಿತಾಂಶ ನೋಡುವಂತೆ ಹೋ ಎಂದು ಕೂಗಿತು. ಇವಳು ತನ್ನ ಚೀಟಿಯ ಹೆಸರನ್ನು ಹುಡುಕಲೇ ಇಲ್ಲ. ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಕಟ್ಟಡದ ಹಿಂದೆ ನೀರಿನಲ್ಲಿ ಅರ್ಧ ಕೊಳೆತ ಮರದ ಕಂಬಗಳು ನಿಂತಿವೆ. ಆ 123 ಜನ ಕೊನೆಯ ಹೆಜ್ಜೆ ಇಟ್ಟ ಕಟ್ಟೆ ಅದು. ಜನ ಇಟ್ಟ ಹೆಸರು 'ಎದೆಯೊಡೆದ ಕಟ್ಟೆ'. ನನ್ನನ್ನು ಕೇಳಿದರೆ ಒಳಗಿನ ಎಲ್ಲ ಏರ್ಪಾಟಿಗಿಂತ ಮಳೆಯಲ್ಲಿ ನೆನೆಯುತ್ತಿದ್ದ ಆ ಕಂಬಗಳೇ ಹೆಚ್ಚು ಹೇಳುತ್ತಿದ್ದವು.

ಮೂರೇ ವರ್ಷದ ಮೇಲೆ, 1915ರ ಮೇ 7ರಂದು, ಜರ್ಮನ್ ಜಲಾಂತರ್ಗಾಮಿಯೊಂದು ಲೂಸಿಟಾನಿಯಾ ಎಂಬ ಪ್ರಯಾಣಿಕರ ಹಡಗನ್ನು ಈ ತೀರದಾಚೆ ಮುಳುಗಿಸಿತು. ಹದಿನೆಂಟು ನಿಮಿಷದಲ್ಲಿ ಹಡಗು ತಳ ಸೇರಿತು, ಸುಮಾರು 1,200 ಜನ ಸತ್ತರು. ಬದುಕಿದವರನ್ನೂ ಹೆಣಗಳನ್ನೂ ಮೀನು ದೋಣಿಗಳು ತಂದದ್ದು ಇದೇ ಧಕ್ಕೆಗೆ. ಊರ ಹೊರಗಿನ ಹಳೆಯ ಸ್ಮಶಾನದಲ್ಲಿ ನೂರೈವತ್ತಕ್ಕೂ ಹೆಚ್ಚು ಜನರನ್ನು ಹೂಳಲಾಗಿದೆ, ಬಹುಪಾಲು ಮೂರು ಸಾಮೂಹಿಕ ಗುಂಡಿಗಳಲ್ಲಿ.

ಇಂಥ ಕೆಲಸ ಈ ಬಂದರಿಗೆ ಇನ್ನೊಮ್ಮೆ ಬಂತು. ಆಗ ಬಂದವರು ನಮ್ಮವರು. ವಾಯುವಿಹಾರದ ಕಟ್ಟೆಯ ಮೇಲೆ ನಿಂತರೆ ಎದುರಿಗೆ ಹಾಲ್‌ಬೋಲಿನ್ ದ್ವೀಪ. ಐರಿಷ್ ನೌಕಾಪಡೆಯ ನೆಲೆ ಅಲ್ಲಿದೆ. 1985ರ ಜೂನ್ 23ರ ಬೆಳಗ್ಗೆ ಕೆನಡಾದಿಂದ ಲಂಡನ್ ಮಾರ್ಗವಾಗಿ ದೆಹಲಿಗೆ ಬರುತ್ತಿದ್ದ ಏರ್ ಇಂಡಿಯಾದ 'ಕನಿಷ್ಕ' ವಿಮಾನ ಐರ್ಲೆಂಡಿನ ನೈರುತ್ಯಕ್ಕೆ ಸಮುದ್ರದ ಮೇಲೆ ಬಾಂಬಿನಿಂದ ಸಿಡಿದು 329 ಜನ ಸತ್ತದ್ದು ಹಲವರಿಗೆ ನೆನಪಿರಬಹುದು. ಹುಡುಕಾಟಕ್ಕೆ ಮೊದಲು ಧಾವಿಸಿದ ಹಡಗುಗಳಲ್ಲಿ ಈ ನೆಲೆಯ 'ಆಶ್ಲಿಂಗ್' ಒಂದು. ಅದರ ಹುಡುಗರು ನೀರಿಗಿಳಿದು ಕೈಯಿಂದ ಎತ್ತಿ ತಂದ ದೇಹಗಳಲ್ಲಿ ಮಕ್ಕಳೂ ಇದ್ದರು. ಒಟ್ಟು ಸಿಕ್ಕಿದ್ದು 131 ದೇಹ. ಅವನ್ನು ಕಾರ್ಕ್ ಆಸ್ಪತ್ರೆಗೆ ತಂದಾಗ, ಭಾರತದಿಂದ ಕೆನಡಾದಿಂದ ಓಡಿಬಂದ ಬಂಧುಗಳನ್ನು ಅಲ್ಲಿನ ಜನ ಮನೆಗೆ ಕರೆದೊಯ್ದು ಉಪಚರಿಸಿದರು. ಪಶ್ಚಿಮ ಕಾರ್ಕ್‌ನ ಅಹಕಿಸ್ತಾ ಎಂಬ ಹಳ್ಳಿಯ ಕಡಲ ದಂಡೆಯಲ್ಲಿ 1986ರಲ್ಲಿ ಸ್ಮಾರಕ ಎದ್ದಿತು. ಅಂದಿನಿಂದ ವರ್ಷಾ ವರ್ಷ ಜೂನ್ 23ಕ್ಕೆ ಊರವರೂ ಬಂಧುಗಳೂ ಅಲ್ಲಿ ಸೇರುತ್ತಾರೆ.

ಮಧ್ಯಾಹ್ನ ಇಗರ್ಜಿಯ ಏರು ಹತ್ತಿದೆವು. 1868ರಲ್ಲಿ ಶುರುವಾದ ಕಟ್ಟಡ ಮುಗಿದದ್ದು 1919ರಲ್ಲಿ. ಕ್ಷಾಮದಿಂದ ಬಳಲಿದ ನಾಡಿನ ಬಡವರ ಕಾಸಿಗೆ ಅಮೆರಿಕ, ಆಸ್ಟ್ರೇಲಿಯಗಳಿಗೆ ಹೋದವರ ಡಾಲರು ಪೌಂಡುಗಳೂ ಸೇರಿ ಎದ್ದದ್ದು. ಗೋಪುರದಲ್ಲಿ 49 ಗಂಟೆಗಳಿವೆ. ಒಬ್ಬ ವಾದಕ ಮರದ ಹಿಡಿಗಳ ಮೇಲೆ ಮುಷ್ಟಿಯಿಂದ ಹೊಡೆದು ಹಾರ್ಮೋನಿಯಂ ನುಡಿಸಿದಂತೆ ಇವನ್ನು ನುಡಿಸುತ್ತಾನೆ. ಹಡಗು ಹತ್ತಿದವರಿಗೆ ಕೊನೆಗೆ ಕಾಣುತ್ತಿದ್ದದ್ದು ಈ ಗೋಪುರ. ಬಾಗಿಲಲ್ಲಿ ಕೊಡೆ ಒದರುತ್ತಿದ್ದ ನಮ್ಮನ್ನು ಕಂಡು ಹೆಂಗಸೊಬ್ಬಳು ಮಾತಾಡಿಸಿದಳು. ನೋಡಿದರೆ ಕೊಟ್ಟಾಯಂನವಳು, ಕಾರ್ಕ್ ಆಸ್ಪತ್ರೆಯಲ್ಲಿ ನರ್ಸ್. 2022ರ ಜನಗಣತಿಯ ಪ್ರಕಾರ ಐರ್ಲೆಂಡಿನಲ್ಲಿರುವ ಭಾರತದ ಪ್ರಜೆಗಳು 45 ಸಾವಿರಕ್ಕೂ ಹೆಚ್ಚು. ನಮ್ಮ ಬೆಂಗಳೂರಿನ ಹುಡುಗರೂ ಡಬ್ಲಿನ್, ಕಾರ್ಕ್‌ಗಳ ಕಂಪ್ಯೂಟರ್ ಕಂಪನಿಗಳಲ್ಲಿದ್ದಾರೆ. ನೂರು ವರ್ಷ ಮಕ್ಕಳನ್ನು ಕಳಿಸುತ್ತಿದ್ದ ದೇಶಕ್ಕೆ ಈಗ ಬೇರೆಯವರ ಮಕ್ಕಳು ಬರುತ್ತಿದ್ದಾರೆ. "ಅಮ್ಮ ದಿನಾ ವೀಡಿಯೊದಲ್ಲಿ ಬರ್ತಾಳೆ. ಊಟ ಆಯ್ತಾ ಅಂತ ಕೇಳೋ ಹೊತ್ತಿಗೆ ನನ್ನ ಡ್ಯೂಟಿ" ಎಂದು ಅವಳು ಇಂಗ್ಲಿಷಿನಲ್ಲಿ ಹೇಳಿ ನಕ್ಕಳು.

ಸಂಜೆ ಐದಕ್ಕೆ ಹಡಗು ಹೊರಟಿತು. ಮಗಳೂ ಮೊಮ್ಮಗನೂ ಬ್ಲಾರ್ನಿಯಿಂದ ತೊಯ್ದು ತೊಪ್ಪೆಯಾಗಿ ಬಂದಿದ್ದರು. ಕಲ್ಲಿಗೆ ಮುತ್ತು ಕೊಡಲು ಒಂದೂವರೆ ಗಂಟೆ ಸಾಲಿನಲ್ಲಿ ನಿಂತರಂತೆ. ಎಲ್ಲರೂ ಮೇಲಿನ ಅಟ್ಟದ ಕಟಾಂಜನ ಹಿಡಿದು ನಿಂತೆವು. ಇಸ್ಪೀಟು ಮನೆಗಳು ಮಸುಕಾದವು, ಗೋಪುರ ಉಳಿಯಿತು, ಆಮೇಲೆ ಅದೂ ಹೋಯಿತು. ರೋಚಸ್ ಪಾಯಿಂಟಿನ ದೀಪ ಬಲಕ್ಕೋ ಎಡಕ್ಕೋ ಎಂದು ಮೊಮ್ಮಗ ವಾದಿಸುತ್ತಿದ್ದ. ಇವಳು ಇದ್ದಕ್ಕಿದ್ದಂತೆ ಮಗಳ ಕಡೆ ತಿರುಗಿ, "ನೀನು ಮೊದಲ ಸಲ ಹೊರಟಾಗ ಹಳೇ ಎಚ್.ಎ.ಎಲ್. ವಿಮಾನ ನಿಲ್ದಾಣ. ಗಾಜಿನ ಬಾಗಿಲವರೆಗೆ ಮಾತ್ರ ಬಿಟ್ಟರು. ಆಮೇಲೆ ನೀನು ಯಾವ ಕಡೆ ಹೋದೆ ಅಂತಲೇ ಕಾಣಲಿಲ್ಲ. ಇವರಿಗೆ ಇಷ್ಟು ದೂರ ನೋಡೋಕಾದರೂ ಆಗ್ತಿತ್ತು ನೋಡು" ಎಂದಳು.

"ಒಳಗೆ ಹೋಗೋಣ ಬಾಮ್ಮ, ಶೀತ ಆಗತ್ತೆ" ಎಂದಳು ಮಗಳು. ಇಬ್ಬರೂ ಒಳಗೆ ಹೋಗಲಿಲ್ಲ. ದೀಪಸ್ತಂಭ ದಾಟುವವರೆಗೂ ಮಳೆಯಲ್ಲೇ ನಿಂತಿದ್ದರು.